ಧಾರವಾಡದಲ್ಲಿ ಓದಿ ಕೀನ್ಯಾಕ್ಕಾಗಿ ಮಡಿದ ಪಿಯೋ ಗಾಮಾ ಪಿಂಟೋ

ಸ್ವತಂತ್ರ ಕೀನ್ಯಾದಲ್ಲಿ ನಡೆದ ಮೊದಲ ರಾಜಕೀಯ ಹತ್ಯೆಗೆ ಬಲಿಯಾದವರು ಆಫ್ರಿಕನ್ ಮೂಲದ ನಾಯಕರಲ್ಲ. ಗೋವೆಯ ಕಥೋಲಿಕ ಕುಟುಂಬವೊಂದರಲ್ಲಿ ಜನಿಸಿ, ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನವನ್ನು ಅಭ್ಯಸಿಸಿದ ಪಿಯೋ ಗಾಮಾ ಪಿಂಟೋ ಅವರು. 1965ರ ಫೆಬ್ರವರಿ 24ರಂದು ನೈರೋಬಿಯ ತಮ್ಮ ಮನೆಯ ಗೇಟಿನ ಬಳಿಯಲ್ಲೇ ಅವರು ಹಂತಕರ ಗುಂಡಿಗೆ ಗುರಿಯಾದಾಗ ಅವರಿಗೆ ಮೂವತ್ತೆಂಟು ವರ್ಷವೂ ತುಂಬಿರಲಿಲ್ಲ. ಆಫ್ರಿಕ ಖಂಡದಲ್ಲಿ ಅವರ ಹೆಸರನ್ನು ಗೌರವದಿಂದ ನೆನೆಯುವವರು ಇಂದಿಗೂ ಇದ್ದಾರೆ. ಅವರು ಓದಿದ ನಾಡಿನ ಕಥೋಲಿಕ ಮನೆಗಳಲ್ಲಿ ಮಾತ್ರ ಆ ಹೆಸರು ಅಪರೂಪ.

ಮಮದಾಪುರ, ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ವಾಸಿಸುವ ನಮಗೆ ನೈರೋಬಿಯ ಸಂಗತಿ ಏಕೆ ಎಂದು ವಾಚಕರು ಕೇಳಬಹುದು. ಘಟಪ್ರಭೆಯಲ್ಲಿ ರೈಲು ಹತ್ತಿ ಬೆಳಗಾವಿ ದಾಟಿದರೆ ಲೋಂಡಾ ಬರುತ್ತದೆ. ಅಲ್ಲಿಂದ ಒಂದು ಹಳಿ ಗೋವೆಗೆ ಇಳಿಯುತ್ತದೆ, ಇನ್ನೊಂದು ಧಾರವಾಡಕ್ಕೆ ಹೋಗುತ್ತದೆ. ಹೊಟ್ಟೆಪಾಡಿಗಾಗಿ ನಮ್ಮ ಕಡೆಯ ಜನ ಗೋವೆಗೆ, ಮುಂಬಯಿಗೆ, ಕೊಲ್ಲಿಯ ದೇಶಗಳಿಗೆ ಹೋಗುತ್ತಲೇ ಬಂದಿದ್ದಾರೆ. ಹೋದ ಕಡೆ ಯಾರ ಪಕ್ಕದಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಪ್ರತಿಯೊಬ್ಬ ವಲಸಿಗನ ಮುಂದೆಯೂ ಒಂದಲ್ಲ ಒಂದು ದಿನ ಬಂದು ನಿಲ್ಲುತ್ತದೆ. ಪಿಂಟೋ ಅವರ ಬಾಳು ಆ ಪ್ರಶ್ನೆಗೆ ಕೊಟ್ಟ ಉತ್ತರವಾದುದರಿಂದ ಅದು ನಮಗೆ ದೂರದ ಸಂಗತಿಯಲ್ಲ.

ಭಾರತೀಯರು ಪೂರ್ವ ಆಫ್ರಿಕಕ್ಕೆ ದೊಡ್ಡ ಸಂಖ್ಯೆಯಲ್ಲಿ ಹೋದದ್ದು ರೈಲುಮಾರ್ಗದ ಕೆಲಸಕ್ಕೆ. 1896ರಲ್ಲಿ ಆರಂಭವಾದ ಉಗಾಂಡ ರೈಲುಮಾರ್ಗದ ನಿರ್ಮಾಣಕ್ಕೆಂದು ಬ್ರಿಟಿಷರು ಸುಮಾರು 32,000 ಭಾರತೀಯ ಕೂಲಿಗಳನ್ನು ಕರಾರಿನ ಮೇಲೆ ಕೊಂಡೊಯ್ದರು. ಅವರಲ್ಲಿ ಸುಮಾರು 2,500 ಜನ ಅಲ್ಲಿಯೇ ಪ್ರಾಣ ಬಿಟ್ಟರು. ವ್ಯಾಪಾರಿಗಳು, ಗುಮಾಸ್ತರು, ಬಡಗಿಗಳು ಅವರ ಹಿಂದೆ ಬಂದರು. ಗೋವೆಯ ಕಥೋಲಿಕರು ಹೆಚ್ಚಾಗಿ ಸರ್ಕಾರಿ ಕಚೇರಿಗಳ ಗುಮಾಸ್ತರಾಗಿ, ದರ್ಜಿಗಳಾಗಿ, ಅಡಿಗೆಯವರಾಗಿ ನೆಲೆಸಿದರು. ಅವರ ನಡುವೆ ಡಾಕ್ಟರ್ ರೊಸೆಂಡೋ ರಿಬೇರೋ ಅವರಂತಹ ವೈದ್ಯರೂ ಇದ್ದರು. 1902ರಲ್ಲಿ ನೈರೋಬಿಗೆ ಪ್ಲೇಗು ತಗುಲಿದಾಗ ಅದನ್ನು ಗುರುತಿಸಿದವರು ಇವರೇ. ಪಳಗಿಸಿದ ಜೀಬ್ರಾದ ಮೇಲೆ ಕುಳಿತು ರೋಗಿಗಳ ಮನೆಗೆ ಹೋಗುತ್ತಿದ್ದ ಈ ಮಹನೀಯರ ದಾನದಿಂದಲೇ ಮುಂದೆ ನೈರೋಬಿಯ ಗೋವನ್ನರ ಶಾಲೆ ಎದ್ದು ನಿಂತಿತು.

ಕೀನ್ಯಾದ ಬ್ರಿಟಿಷ್ ಆಡಳಿತ ಸಮಾಜವನ್ನು ಮೂರು ಮೆಟ್ಟಿಲುಗಳಾಗಿ ಒಡೆದಿತ್ತು. ಮೇಲೆ ಬಿಳಿಯರು, ನಡುವೆ ಏಷ್ಯನ್ನರು, ತಳದಲ್ಲಿ ನೆಲದ ಒಡೆಯರಾದ ಆಫ್ರಿಕನ್ನರು. ಫಲವತ್ತಾದ ಎತ್ತರದ ಭೂಮಿಯೆಲ್ಲ ಬಿಳಿಯರಿಗೆ ಮೀಸಲು. ಭಾರತೀಯನು ಹಣ ಕೊಟ್ಟರೂ ಅಲ್ಲಿ ಜಮೀನು ಕೊಳ್ಳುವಂತಿರಲಿಲ್ಲ. ಶಾಲೆ, ಆಸ್ಪತ್ರೆ, ರೈಲು ಡಬ್ಬಿ, ಕೊನೆಗೆ ಶೌಚಾಲಯವೂ ಬಣ್ಣಕ್ಕೆ ತಕ್ಕಂತೆ ಬೇರೆ ಬೇರೆ. ಆಫ್ರಿಕನ್ ಗಂಡಸರು ಕಿಪಾಂಡೆ ಎಂಬ ಗುರುತಿನ ಚೀಟಿಯನ್ನು ಲೋಹದ ಡಬ್ಬಿಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ತಿರುಗಬೇಕಿತ್ತು. ಗೋವೆ ಪೋರ್ತುಗೀಸರ ಅಧೀನದಲ್ಲಿದ್ದುದರಿಂದ ಜನಗಣತಿಯಲ್ಲಿ ಗೋವನ್ನರನ್ನು ಭಾರತೀಯರಿಂದಲೂ ಬೇರೆಯಾಗಿ ಎಣಿಸುತ್ತಿದ್ದರು. ಆ ಪ್ರತ್ಯೇಕತೆಯನ್ನು ಅನೇಕ ಗೋವನ್ನರು ಒಂದು ಹಿರಿಮೆಯೆಂದೇ ಭಾವಿಸಿದ್ದರು ಎಂಬುದನ್ನು ಮರೆಮಾಚಬೇಕಾಗಿಲ್ಲ. ಅವರೊಳಗೆ ಮತ್ತೆ ಭೇದಗಳು: ಗುಮಾಸ್ತರ ಕ್ಲಬ್ಬು ಬೇರೆ, ದರ್ಜಿಗಳ ಸಂಘ ಬೇರೆ. ಒಂದೇ ಬಲಿಪೀಠದ ಮುಂದೆ ಮೊಣಕಾಲೂರುವವರು ಸಂಜೆ ಒಂದೇ ಮೇಜಿನ ಮುಂದೆ ಕುಳಿತುಕೊಳ್ಳುತ್ತಿರಲಿಲ್ಲ. ಇಂತಹ ಮಾತು ನೈರೋಬಿಗೆ ಮಾತ್ರ ಅನ್ವಯಿಸುತ್ತದೆಂದು ನಮ್ಮ ಧರ್ಮಕೇಂದ್ರಗಳಲ್ಲಿ ಯಾರೂ ಎದೆಮುಟ್ಟಿ ಹೇಳಲಾರರು.

ಇಂತಹ ನೈರೋಬಿಯಲ್ಲಿ 1927ರ ಮಾರ್ಚ್ 31ರಂದು ಪಿಯೋ ಜನಿಸಿದರು. ತಂದೆ ವಸಾಹತು ಸರ್ಕಾರದ ನೌಕರರು. ಎಂಟನೆಯ ವಯಸ್ಸಿನಲ್ಲಿ ಬಾಲಕನನ್ನು ವಿದ್ಯಾಭ್ಯಾಸಕ್ಕಾಗಿ ಭಾರತಕ್ಕೆ ಕಳುಹಿಸಲಾಯಿತು. ಗೋವೆಯ ಅರ್ಪೋರಾದ ಸಂತ ಜೋಸೆಫರ ಪ್ರೌಢಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ ಮೇಲೆ ಅವರು ಧಾರವಾಡಕ್ಕೆ ಬಂದರು. ಆ ಕಾಲದಲ್ಲಿ ಗೋವೆಯಿಂದ ಬರುವ ರೈಲು ಕ್ಯಾಸಲ್‌ರಾಕ್ ಘಟ್ಟವನ್ನು ಹತ್ತಿ, ಗಡಿಯ ಸುಂಕದ ಚಾವಡಿಯಲ್ಲಿ ತಪಾಸಣೆ ಮುಗಿಸಿ, ಲೋಂಡಾ, ಅಳ್ನಾವರಗಳ ಮೂಲಕ ಧಾರವಾಡ ಮುಟ್ಟುತ್ತಿತ್ತು. ಒಂದು ಪರಕೀಯ ಸಾಮ್ರಾಜ್ಯದಿಂದ ಇನ್ನೊಂದು ಪರಕೀಯ ಸಾಮ್ರಾಜ್ಯಕ್ಕೆ ಮಾಡುವ ಪಯಣ ಅದು.

ಅವರು ವಾಯುಪಡೆ ಸೇರಿದ್ದು 1944ರಲ್ಲಿ. ಅದಕ್ಕೆ ಮುಂಚಿನ ಎರಡು ವರ್ಷಗಳು ಧಾರವಾಡದಲ್ಲಿ ಕಳೆದವೆಂದರೆ ಅದು ಚಲೇಜಾವ್ ಚಳವಳಿಯ ಕಾಲ. ಹುಬ್ಬಳ್ಳಿಯಲ್ಲಿ ಬಾಲಕ ನಾರಾಯಣ ಡೋಣಿ ಪೊಲೀಸರ ಗುಂಡಿಗೆ ಬಲಿಯಾದದ್ದು 1942ರ ಆಗಸ್ಟಿನಲ್ಲಿ. ಮೈಲಾರ ಮಹಾದೇವಪ್ಪನವರು ಹೊಸರಿತ್ತಿಯಲ್ಲಿ ಮಡಿದದ್ದು 1943ರ ಏಪ್ರಿಲ್ ಒಂದರಂದು. ಕರ್ನಾಟಕ ಕಾಲೇಜಿನ ವಿದ್ಯಾರ್ಥಿಗಳ ಕಿವಿಗೆ ಇವೆಲ್ಲ ಬೀಳದೆ ಇರುವುದು ಸಾಧ್ಯವಿರಲಿಲ್ಲ. ನೈರೋಬಿಯಲ್ಲಿ ಕಣ್ಣಾರೆ ಕಂಡಿದ್ದ ಅನ್ಯಾಯಕ್ಕೆ ಎದುರು ನಿಲ್ಲಬಹುದೆಂಬ ಅರಿವು ಆ ತರುಣನಲ್ಲಿ ಈ ಮಣ್ಣಿನಲ್ಲೇ ಮೊಳೆಯಿತೆಂದು ನಾವು ಭಾವಿಸಿದರೆ ತಪ್ಪಾಗಲಾರದು.

ವಾಯುಪಡೆಯಲ್ಲಿ ಹೆಚ್ಚು ಕಾಲ ನಿಲ್ಲದೆ ಅವರು ಬೊಂಬಾಯಿಯ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಯ ನೌಕರರ ಮುಷ್ಕರದಲ್ಲಿ ಪಾಲ್ಗೊಂಡರು. ಆಗಲೇ ಬೊಂಬಾಯಿಯಲ್ಲಿ ನೆಲೆಸಿದ್ದ ಗೋವನ್ನರು ಪೋರ್ತುಗೀಸರ ಆಳ್ವಿಕೆಯ ವಿರುದ್ಧ ಸಂಘಟಿತರಾಗುತ್ತಿದ್ದರು. 1946ರ ಜೂನ್ 18ರಂದು ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ಅವರು ನಿಷೇಧವನ್ನು ಮುರಿದು ಸಭೆ ಮಾಡಿದ ಬಳಿಕ ಆ ಹೋರಾಟಕ್ಕೆ ಹೊಸ ಕಸುವು ಬಂದಿತ್ತು. ಗೋವಾ ರಾಷ್ಟ್ರೀಯ ಕಾಂಗ್ರೆಸ್ಸಿನ ಆರಂಭದ ಕಾರ್ಯಕರ್ತರಲ್ಲಿ ಪಿಂಟೋ ಒಬ್ಬರು. ಪೋರ್ತುಗೀಸರ ಕೈಗೆ ಸಿಕ್ಕರೆ ಆಫ್ರಿಕದ ಕೇಪ್ ವರ್ಡಿ ದ್ವೀಪದ ತರಫಾಲ್ ಸೆರೆಶಿಬಿರಕ್ಕೆ ಗಡೀಪಾರಾಗುವ ಭಯವಿದ್ದುದರಿಂದ 1949ರಲ್ಲಿ ಅವರು ನೈರೋಬಿಗೆ ಹಿಂದಿರುಗಿದರು.

ಅಲ್ಲಿ ಅವರಿಗೆ ಸಂಗಾತಿಗಳು ಸಿಕ್ಕರು. ಪಂಜಾಬಿನ ಸಿಖ್ಖರಾದ ಮಖನ್ ಸಿಂಗ್ ಅವರು ಭಾರತೀಯ ಕಾರ್ಮಿಕರ ಸಂಘದ ಬಾಗಿಲನ್ನು ಎಲ್ಲ ವರ್ಣದ ಕಾರ್ಮಿಕರಿಗೂ ತೆರೆದು, 1949ರಲ್ಲಿ ಕಿಕುಯು ಮುಖಂಡ ಫ್ರೆಡ್ ಕುಬಾಯ್ ಅವರೊಡನೆ ಪೂರ್ವ ಆಫ್ರಿಕದ ಕಾರ್ಮಿಕ ಸಂಘಗಳ ಒಕ್ಕೂಟವನ್ನು ಸ್ಥಾಪಿಸಿದ್ದರು. 1950ರಲ್ಲಿ ಬಂಧಿತರಾದ ಅವರನ್ನು ಸರ್ಕಾರ 1961ರವರೆಗೆ, ಅಂದರೆ ಹನ್ನೊಂದು ವರ್ಷಗಳ ಕಾಲ, ಬಿಡಲಿಲ್ಲ. ಗೋವೆಯ ಮನೆತನದವರೇ ಆದ ವಕೀಲ ಫಿಟ್ಜ್ ಡಿಸೋಜ ಇದ್ದರು. ಭಾರತ ಸರ್ಕಾರದ ಪ್ರತಿನಿಧಿಯಾಗಿ ನೈರೋಬಿಯಲ್ಲಿದ್ದವರು ಔಂಧ್ ಸಂಸ್ಥಾನದ ರಾಜಕುಮಾರ ಅಪ್ಪಾ ಪಂತರು. ತಂದೆಯ ಸಂಸ್ಥಾನದಲ್ಲಿ 1939ರಲ್ಲಿಯೇ ಗಾಂಧೀಜಿಯವರ ಮಾರ್ಗದರ್ಶನದಂತೆ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸಲು ಶ್ರಮಿಸಿದ ಇವರು, ಆಫ್ರಿಕನ್ ನಾಯಕರಿಗೆ ತೋರಿದ ಸ್ನೇಹದ ಕಾರಣದಿಂದ ಬಿಳಿಯ ನೆಲಸಿಗರ ಕಣ್ಣಿಗೆ ಮುಳ್ಳಾಗಿದ್ದರು.

ಇವರೆಲ್ಲರ ನಡುವೆ ಪಿಂಟೋ ಅವರಿಗೆ ಅತ್ಯಂತ ಆತ್ಮೀಯರಾದವರು ಜೋಸೆಫ್ ಮುರುಂಬಿ. ಇವರ ತಂದೆ ಗೋವೆಯ ವ್ಯಾಪಾರಿ, ತಾಯಿ ಮಸಾಯಿ ಬುಡಕಟ್ಟಿನವರು. ಇವರೂ ಬಾಲ್ಯದಲ್ಲಿ ಓದಿಗಾಗಿ ಭಾರತಕ್ಕೆ ಬಂದಿದ್ದರು. ಮೊದಲು ಬೆಂಗಳೂರಿನ ಗುಡ್ ಶೆಫರ್ಡ್ ಕಾನ್ವೆಂಟಿನಲ್ಲಿ, ಬಳಿಕ ಬಳ್ಳಾರಿಯ ಸಂತ ಪಂಕ್ರಾಸರ ಶಾಲೆಯಲ್ಲಿ ಕಲಿತರು. ತಾಯಿಯ ಕಡೆಯ ಹೆಸರನ್ನೇ ತಮ್ಮದಾಗಿಸಿಕೊಂಡು ಆಫ್ರಿಕನ್ನರೊಡನೆ ಒಂದಾದರು. ಕೀನ್ಯಾದ ಸ್ವಾತಂತ್ರ್ಯ ಹೋರಾಟದ ಇಬ್ಬರು ಮುಖ್ಯ ಕಾರ್ಯಕರ್ತರು, ಒಬ್ಬರು ಬಳ್ಳಾರಿಯಲ್ಲಿ, ಒಬ್ಬರು ಧಾರವಾಡದಲ್ಲಿ ಓದಿದವರೆಂಬುದು ನಮ್ಮ ಶಾಲೆಯ ಪಠ್ಯಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಪಿಂಟೋ ಗುಮಾಸ್ತಿಕೆಯನ್ನು ಬಿಟ್ಟು ಪತ್ರಿಕೋದ್ಯಮಕ್ಕೆ ಬಂದರು. ಕಲೋನಿಯಲ್ ಟೈಮ್ಸ್, ಡೈಲಿ ಕ್ರಾನಿಕಲ್ ಪತ್ರಿಕೆಗಳಲ್ಲಿ ಬರೆದರು. ಭಾರತೀಯರ ಪತ್ರಿಕೆಗಳು ಭಾರತೀಯರ ಅಹವಾಲನ್ನು ಮಾತ್ರ ಹೇಳಿಕೊಂಡರೆ ಸಾಲದು, ನೆಲ ಕಳೆದುಕೊಂಡ ಆಫ್ರಿಕನ್ನನ ಅಹವಾಲನ್ನೂ ಹೇಳಬೇಕೆಂಬುದು ಅವರ ನಿಲುವು. ವ್ಯಾಪಾರಿಗಳಾದ ಅನೇಕ ಭಾರತೀಯರಿಗೆ ಇದು ರುಚಿಸಲಿಲ್ಲ. ನಡುವಿನ ಮೆಟ್ಟಿಲಿನಲ್ಲಿ ನಿಂತವನಿಗೆ ಮೇಲಿನವನ ಮುನಿಸಿನ ಹೆದರಿಕೆ ಒಂದು ಕಡೆ, ಕೆಳಗಿನವನು ಮೇಲೆದ್ದರೆ ತನ್ನ ಗತಿಯೇನೆಂಬ ಅಂಜಿಕೆ ಇನ್ನೊಂದು ಕಡೆ. ಗೋವನ್ನರಲ್ಲಿಯೂ ಬಹುಮಂದಿ ಸರ್ಕಾರಿ ನೌಕರಿಯಲ್ಲಿದ್ದುದರಿಂದ ರಾಜಕೀಯವೆಂದರೆ ದೂರ ಸರಿಯುತ್ತಿದ್ದರು. ಅವರನ್ನು ಹೇಡಿಗಳೆಂದು ಜರೆಯುವುದು ಸುಲಭ. ಮಕ್ಕಳ ಶಾಲೆಯ ಶುಲ್ಕ, ಊರಿನಲ್ಲಿದ್ದ ತಾಯಿತಂದೆಗಳಿಗೆ ಕಳುಹಿಸಬೇಕಾದ ಹಣ ಇವುಗಳ ಭಾರ ಹೊತ್ತವರಿಗೆ ಅದರ ಕಷ್ಟ ಗೊತ್ತು. ಪಿಂಟೋ ಅವರನ್ನು ಅಳೆಯಬೇಕಾದದ್ದು ಈ ಹಿನ್ನೆಲೆಯಲ್ಲಿಯೇ. ಅವರಿಗೂ ತಾಯಿತಂದೆ ಇದ್ದರು, ಅವರೂ ನೌಕರಿ ಮಾಡಿಕೊಂಡು ನೆಮ್ಮದಿಯಿಂದ ಇರಬಹುದಿತ್ತು.

1952ರ ಅಕ್ಟೋಬರ್ 20ರಂದು ಕೀನ್ಯಾದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಭೂಮಿ ಕಳೆದುಕೊಂಡ ಕಿಕುಯು ಜನರ ಮೌ ಮೌ ಬಂಡಾಯವನ್ನು ಹತ್ತಿಕ್ಕಲು ಸರ್ಕಾರ ಜೋಮೋ ಕೆನ್ಯಾಟ ಮೊದಲಾದ ನಾಯಕರನ್ನು ಸೆರೆಹಿಡಿದು, ದೂರದ ಕಪೆಂಗುರಿಯಾದಲ್ಲಿ ವಿಚಾರಣೆಗೆ ಒಳಪಡಿಸಿತು. ಅವರ ಪರವಾಗಿ ವಾದಿಸಲು ಯಾರು ಮುಂದೆ ಬಂದಾರು? ಮುರುಂಬಿ ಮತ್ತು ಪಿಂಟೋ ವಕೀಲರಿಗಾಗಿ ಓಡಾಡಿದರು. ಇಂಗ್ಲೆಂಡಿನಿಂದ ಡಿ. ಎನ್. ಪ್ರಿಟ್ ಬಂದರು, ನೆಹರೂ ಅವರು ಭಾರತದಿಂದ ದಿವಾನ್ ಚಮನ್‌ಲಾಲರನ್ನು ಕಳುಹಿಸಿದರು, ನೈರೋಬಿಯಿಂದ ಅಚ್ಛ್ರೂ ಕಪಿಲಾ, ಜಸ್ವಂತ್ ಸಿಂಗ್, ಫಿಟ್ಜ್ ಡಿಸೋಜ ನಿಂತರು. ನೈಜೀರಿಯಾದ ಒಬ್ಬರು, ಜಮೈಕಾದ ಒಬ್ಬರು ಸೇರಿಕೊಂಡರು. ವಲಸೆ ಬಂದ ಒಂದು ಸಮುದಾಯದ ವಕೀಲರು ಆ ನೆಲದ ಮಕ್ಕಳಿಗಾಗಿ ತಮ್ಮ ವೃತ್ತಿಯನ್ನೇ ಪಣವಾಗಿಟ್ಟ ಪ್ರಸಂಗವಿದು. ತೀರ್ಪು ಮಾತ್ರ ಆಳುವವರ ಇಚ್ಛೆಯಂತೆಯೇ ಬಂದಿತು. 1953ರ ಏಪ್ರಿಲಿನಲ್ಲಿ ಕೆನ್ಯಾಟ ಅವರಿಗೆ ಏಳು ವರ್ಷಗಳ ಕಠಿಣ ಶಿಕ್ಷೆಯಾಯಿತು.

1954ರ ಜನವರಿಯಲ್ಲಿ ಪಿಂಟೋ ಅವರು ಎಮ್ಮಾ ಡಯಾಸ್ ಅವರನ್ನು ವಿವಾಹವಾದರು. ಭಾರತದಿಂದ ಬಂದಿದ್ದ ಆ ಹೆಣ್ಣುಮಗಳಿಗೆ ಗಂಡನ ಓಡಾಟಗಳ ಪೂರ್ಣ ಅರಿವು ಬರುವ ಮೊದಲೇ, ಮದುವೆಯಾದ ಐದು ತಿಂಗಳಿಗೆ, ಜೂನ್ ತಿಂಗಳಿನಲ್ಲಿ ಪೊಲೀಸರು ಪಿಂಟೋ ಅವರನ್ನು ಹಿಡಿದೊಯ್ದರು. ಬಂಡಾಯಗಾರರಿಗೆ ನೆರವಾದರೆಂಬುದು ಸರ್ಕಾರದ ಶಂಕೆ. ಆ ಶಂಕೆ ಸುಳ್ಳಾಗಿರಲಿಲ್ಲವೆಂದು ಮುಂದೆ ಅವರ ಗೆಳೆಯರೇ ತಿಳಿಸಿದ್ದಾರೆ. ಕಾಡಿನಲ್ಲಿದ್ದವರಿಗೆ ಹಣವನ್ನೂ ಆಯುಧಗಳನ್ನೂ ಮುಟ್ಟಿಸುವ ಕೆಲಸದಲ್ಲಿ ಅವರ ಪಾಲಿತ್ತು. ಹಿಂಸೆಯ ಮಾರ್ಗವನ್ನು ಒಪ್ಪದ ನಾವು ಇದನ್ನು ಮುಚ್ಚಿಟ್ಟು ಅವರನ್ನು ಸಂತರನ್ನಾಗಿ ಮಾಡಬೇಕಾಗಿಲ್ಲ. ಹಳ್ಳಿಗಳನ್ನು ಸುಟ್ಟು, ಹತ್ತಾರು ಸಾವಿರ ಜನರನ್ನು ಮುಳ್ಳುತಂತಿಯೊಳಗೆ ಕೂಡಿಹಾಕಿದ್ದ ಸರ್ಕಾರದ ಹಿಂಸೆಯನ್ನು ಮರೆತು ಇದೊಂದನ್ನೇ ಎತ್ತಿ ಆಡುವುದೂ ನ್ಯಾಯವಲ್ಲ.

ವಿಚಾರಣೆಯೇ ಇಲ್ಲದೆ ಅವರನ್ನು ಹಿಂದೂ ಮಹಾಸಾಗರದ ಮಾಂಡಾ ದ್ವೀಪದಲ್ಲಿ ನಾಲ್ಕು ವರ್ಷ ಕೂಡಿಹಾಕಲಾಯಿತು. ಅಲ್ಲಿದ್ದವರು ಸರ್ಕಾರದ ಲೆಕ್ಕದಲ್ಲಿ ಅತ್ಯಂತ ಅಪಾಯಕಾರಿಗಳಾದ ಕೈದಿಗಳು. ಆಫ್ರಿಕನ್ ಸೆರೆಯಾಳುಗಳ ನಡುವೆ ಆ ಗೋವನ್ ತರುಣ ಅವರಲ್ಲೊಬ್ಬರಾಗಿ ಬಾಳಿದರು. 1958ರ ಆರಂಭದಲ್ಲಿ ದ್ವೀಪದಿಂದ ಹೊರಬಂದರೂ ಸ್ವಾತಂತ್ರ್ಯ ದೊರೆಯಲಿಲ್ಲ. ಕಬರ್ನೆಟ್ ಎಂಬ ಮೂಲೆಯ ಊರಿನಲ್ಲಿ 1959ರ ಅಕ್ಟೋಬರಿನವರೆಗೆ ನಿರ್ಬಂಧದಲ್ಲಿಟ್ಟರು. ಅಲ್ಲಿ ಪತ್ನಿ ಬಂದು ಸೇರಿಕೊಂಡರು. ಅವರ ಸಂಸಾರ ನಿಜವಾಗಿ ಆರಂಭವಾದದ್ದು ಆ ನಿರ್ಬಂಧದ ಮನೆಯಲ್ಲಿ.

ಬಿಡುಗಡೆಯಾದವರು ಮೊದಲು ನೆನೆದದ್ದು ಇನ್ನೂ ಸೆರೆಯಲ್ಲಿದ್ದವರನ್ನು. ಶಿಬಿರಗಳಿಂದ ಬರಿಗೈಯಲ್ಲಿ ಮರಳಿ, ಜಮೀನೂ ಇಲ್ಲದೆ ಕೆಲಸವೂ ಇಲ್ಲದೆ ನಿಂತ ಕುಟುಂಬಗಳಿಗೆ ಅವರು ಹಣ, ಬಟ್ಟೆ, ಶಾಲೆಯ ಶುಲ್ಕ, ವಕೀಲರ ನೆರವು ಒದಗಿಸುತ್ತಾ ನಡೆದರು. ಕೈಗೆ ಬಂದ ಹಣ ಮನೆ ಮುಟ್ಟುವ ಮೊದಲೇ ಯಾರದೋ ಕೈ ಸೇರುತ್ತಿತ್ತೆಂದು ಅವರನ್ನು ಬಲ್ಲವರು ಒಂದೇ ಧ್ವನಿಯಲ್ಲಿ ಹೇಳುತ್ತಾರೆ. ಗೃಹಿಣಿಯಾದವಳಿಗೆ ಇದು ಎಂತಹ ಪರೀಕ್ಷೆಯೆಂಬುದನ್ನು ನಮ್ಮ ತಾಯಂದಿರು ಊಹಿಸಬಲ್ಲರು. ಎಮ್ಮಾ ಅವರು ಹೊರಗೆ ದುಡಿದು ಮನೆಯನ್ನು ನಡೆಸಿದರು. ಪಿಂಟೋ ಅವರ ಕೀರ್ತಿಯಲ್ಲಿ ಅರ್ಧ ಪಾಲು ಈಕೆಗೆ ಸಲ್ಲಬೇಕು.

1960ರಲ್ಲಿ ಅವರು ಕೀನ್ಯಾ ಆಫ್ರಿಕನ್ ರಾಷ್ಟ್ರೀಯ ಒಕ್ಕೂಟವೆಂಬ ಪಕ್ಷಕ್ಕಾಗಿ ಸ್ವಾಹಿಲಿ ಪತ್ರಿಕೆಯೊಂದನ್ನು ಹೊರಡಿಸಿದರು. ಆಫ್ರಿಕನ್ನರ ಬಹುಮತದ ಆಡಳಿತವನ್ನು ಷರತ್ತಿಲ್ಲದೆ ಒಪ್ಪುವ ಭಾರತೀಯರು ಅದೇ ವರ್ಷ ಕೀನ್ಯಾ ಫ್ರೀಡಂ ಪಾರ್ಟಿಯನ್ನು ಕಟ್ಟಿದಾಗ ಅದರ ಹಿಂದೆಯೂ ಪಿಂಟೋ ಇದ್ದರು. ನೆಹರೂ ಅವರ ನೆರವಿನಿಂದ ಪ್ಯಾನ್ ಆಫ್ರಿಕನ್ ಪ್ರೆಸ್ ಎಂಬ ಮುದ್ರಣ ಸಂಸ್ಥೆ ನೈರೋಬಿಯಲ್ಲಿ ನೆಲೆಗೊಂಡಿತು. ಇದೇ ಅವಧಿಯಲ್ಲಿ ಪೂರ್ವ ಆಫ್ರಿಕದ ಗೋವನ್ನರ ನಡುವೆ ತಾಯ್ನಾಡಿನ ವಿಮೋಚನೆಯ ಪರವಾಗಿ ಅವರು ಕೆಲಸ ಮಾಡಿದರು. ಪೋರ್ತುಗೀಸರ ಪರ ವಹಿಸಿದವರು ಅಲ್ಲಿ ಕಡಿಮೆಯೇನಿರಲಿಲ್ಲ. ಪೋರ್ತುಗಲ್ ಹೋದರೆ ಧರ್ಮವೂ ಹೋದೀತೆಂಬ ಅಳುಕು ಕೆಲವರಿಗೆ. 1961ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಜಮಾಯಿಸಿದ್ದ ಸೇನೆ ಗೋವೆಯನ್ನು ಪ್ರವೇಶಿಸಿ ಎರಡು ದಿನಗಳೊಳಗೆ 451 ವರ್ಷಗಳ ಆಳ್ವಿಕೆಯನ್ನು ಕೊನೆಗಾಣಿಸಿತು. ಸಂತ ಫ್ರಾನ್ಸಿಸ್ ಕ್ಸೇವಿಯರರ ಸಮಾಧಿಯ ಮುಂದೆ ಪ್ರಾರ್ಥನೆಗಳು ಎಂದಿನಂತೆ ನಡೆದವು.

1963ರ ಡಿಸೆಂಬರ್ 12ರಂದು ಕೀನ್ಯಾ ಸ್ವತಂತ್ರವಾಯಿತು. ಪಿಂಟೋ 1964ರ ಜುಲೈಯಲ್ಲಿ ಸಂಸತ್ತಿನ ವಿಶೇಷ ಚುನಾಯಿತ ಸದಸ್ಯರಾದರು. ಪಕ್ಷದ ಕಾರ್ಯಕರ್ತರನ್ನು ತರಬೇತುಗೊಳಿಸಲು ಲುಮುಂಬಾ ಸಂಸ್ಥೆಯನ್ನು ಸ್ಥಾಪಿಸುವಲ್ಲಿ ದುಡಿದರು. ನೆರೆಯ ಮೊಜಾಂಬಿಕಿನಲ್ಲಿ ಪೋರ್ತುಗೀಸರ ವಿರುದ್ಧ ಹೋರಾಡುತ್ತಿದ್ದವರಿಗೆ ನೆರವಾದರು. ಆ ವರ್ಷ ನೈರೋಬಿಗೆ ಬಂದಿದ್ದ ಅಮೆರಿಕದ ಕರಿಯರ ನಾಯಕ ಮಾಲ್ಕಂ ಎಕ್ಸ್ ಅವರೊಂದಿಗೆ ಮಾತುಕತೆ ನಡೆಸಿದರು.

ಆದರೆ ಸ್ವಾತಂತ್ರ್ಯ ಬಂದ ಮೇಲೆ ಹಳೆಯ ಗೆಳೆಯರ ದಾರಿಗಳು ಕವಲೊಡೆದವು. ಬಿಳಿಯರು ಬಿಟ್ಟುಹೋದ ಜಮೀನು ಯಾರಿಗೆ ಸೇರಬೇಕು? ಕಾಡಿನಲ್ಲಿ ಹೋರಾಡಿ, ಶಿಬಿರಗಳಲ್ಲಿ ನವೆದವರಿಗೋ, ಅಧಿಕಾರಕ್ಕೆ ಹತ್ತಿರವಿದ್ದವರಿಗೋ? ಪಿಂಟೋ ಅವರು ಉಪಾಧ್ಯಕ್ಷ ಒಗಿಂಗಾ ಒಡಿಂಗಾ ಅವರ ಬಣದೊಡನೆ ನಿಂತು ಭೂಹೀನರ ಪಕ್ಷ ವಹಿಸಿದರು. ಬ್ರಿಟಿಷರ ವಿರುದ್ಧ ಮಾತನಾಡಿದ ನಾಲಗೆ ಸ್ವಂತ ಸರ್ಕಾರದ ವಿರುದ್ಧ ಮಾತನಾಡಲೂ ಹಿಂಜರಿಯಲಿಲ್ಲ. ಬಿಳಿಯರ ಆಡಳಿತ ಅವರನ್ನು ಸೆರೆಯಲ್ಲಿಟ್ಟಿತು, ಕೊಲ್ಲಲಿಲ್ಲ. ಸ್ವತಂತ್ರ ಕೀನ್ಯಾದಲ್ಲಿ ಅವರು ಹದಿನೈದು ತಿಂಗಳೂ ಬದುಕಲಿಲ್ಲ.

ವಿಭೂತಿ ಬುಧವಾರಕ್ಕೆ ಸರಿಯಾಗಿ ಒಂದು ವಾರವಿತ್ತು. ಮಾಲ್ಕಂ ಎಕ್ಸ್ ನ್ಯೂಯಾರ್ಕಿನಲ್ಲಿ ಹತರಾಗಿ ಮೂರು ದಿನಗಳಾಗಿದ್ದವು. ಆ ಬೆಳಿಗ್ಗೆ ಪಿಂಟೋ ಪುಟ್ಟ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು, ಗೇಟು ತೆರೆಯಲೆಂದು ಕಾಯುತ್ತಿದ್ದಾಗ ಹಂತಕರು ಅತಿ ಸಮೀಪದಿಂದ ಗುಂಡು ಹಾರಿಸಿದರು. ಕೂಸಿಗೆ ಏನೂ ಆಗಲಿಲ್ಲ; ತಂದೆ ಅಲ್ಲಿಯೇ ಅಸುನೀಗಿದರು. ಎಮ್ಮಾ ಅವರ ಪಾಲಿಗೆ ಮೂವರು ಹೆಣ್ಣುಮಕ್ಕಳು ಉಳಿದರು. ಎರಡು ವರ್ಷಗಳ ಬಳಿಕ ಅವರು ಮಕ್ಕಳೊಂದಿಗೆ ಕೆನಡಾಕ್ಕೆ ತೆರಳಿ, ಮತ್ತೊಮ್ಮೆ ವಲಸಿಗರಾಗಿ, ಅವರನ್ನು ಬೆಳೆಸಿದರು.

ಕೊಲೆಗಾಗಿ ಇಬ್ಬರು ತರುಣರನ್ನು ಹಿಡಿಯಲಾಯಿತು. ಒಬ್ಬನ ಬಿಡುಗಡೆಯಾಯಿತು. ಕಿಸಿಲು ಮುತುವಾ ಎಂಬ ಇನ್ನೊಬ್ಬನಿಗೆ ಮೊದಲು ಮರಣದಂಡನೆ, ಮೇಲ್ಮನವಿಯಲ್ಲಿ ಆಜೀವ ಸೆರೆವಾಸ. ತಾನು ನಿರಪರಾಧಿಯೆಂದು ಹೇಳುತ್ತಲೇ ಅವನು ಮೂವತ್ತೈದು ವರ್ಷಗಳಿಗೂ ಮಿಕ್ಕಿ ಸೆರೆಯಲ್ಲಿ ಕೊಳೆತು 2001ರಲ್ಲಿ ಕ್ಷಮಾದಾನ ಪಡೆದು ಹೊರಬಂದನು. ಹಂತಕರನ್ನು ಕಳುಹಿಸಿದವರು ಯಾರೆಂಬುದು ಯಾವ ನ್ಯಾಯಾಲಯದಲ್ಲಿಯೂ ಇತ್ಯರ್ಥವಾಗಲಿಲ್ಲ. ಪಿಂಟೋ ಅವರಿಗಾಗಿ ನಿಂತವರಿಗೂ, ಮುತುವಾನಿಗೂ, ಇಬ್ಬರಿಗೂ ನ್ಯಾಯ ಸಿಗಲಿಲ್ಲವೆಂದೇ ಹೇಳಬೇಕು.

ಪಿಂಟೋ ಅವರು ಧರ್ಮಸಭೆಯ ಸಂಘಸಂಸ್ಥೆಗಳಲ್ಲಿ ದುಡಿದವರಲ್ಲ, ಸಮಾಜವಾದಿಗಳೆಂದೇ ಗುರುತಿಸಿಕೊಂಡವರು. ಬಹುಶಃ ಆ ಕಾರಣದಿಂದಲೇ ಕಥೋಲಿಕ ಪುಟಗಳಲ್ಲಿ ಅವರ ಹೆಸರು ವಿರಳ. ಆದರೆ ಅವರು ಮಡಿದ ಹತ್ತು ತಿಂಗಳಿನೊಳಗೆ, 1965ರ ಡಿಸೆಂಬರ್ 7ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಶಾಸನವು ಜನಾಂಗ, ವರ್ಣ, ಸಾಮಾಜಿಕ ಸ್ಥಿತಿಗಳ ಆಧಾರದ ಮೇಲೆ ಮಾಡುವ ಭೇದಭಾವ ದೇವರ ಚಿತ್ತಕ್ಕೆ ವಿರುದ್ಧವೆಂದು ಸಾರಿತು. ಅದಕ್ಕಾಗಿ ಆಗಲೇ ಪ್ರಾಣ ತೆತ್ತವರೊಬ್ಬರು ನೈರೋಬಿಯ ಸಿಟಿ ಪಾರ್ಕ್ ಸ್ಮಶಾನದ ಮಣ್ಣಿನಲ್ಲಿ ಮಲಗಿದ್ದರು.

ಮುರುಂಬಿ ಅವರು 1966ರಲ್ಲಿ ಕೀನ್ಯಾದ ಉಪಾಧ್ಯಕ್ಷರಾದರು. ಗೆಳೆಯನ ಕೊಲೆಯ ಬಳಿಕ ಅವರಿಗೆ ಅಧಿಕಾರದಲ್ಲಿ ರುಚಿ ಉಳಿದಿರಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಪದವಿಯನ್ನು ತೊರೆದು ರಾಜಕೀಯದಿಂದಲೇ ಹಿಂದೆ ಸರಿದರು. ಕೀನ್ಯಾ ಸರ್ಕಾರ ಪಿಂಟೋ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದದ್ದು 2008ರಲ್ಲಿ, ಅಂದರೆ ನಲವತ್ತಮೂರು ವರ್ಷಗಳ ತರುವಾಯ. ಅಷ್ಟರಲ್ಲಿ ಮುರುಂಬಿ ಅವರೂ ಇರಲಿಲ್ಲ. 1990ರಲ್ಲಿ ತೀರಿಕೊಂಡ ಅವರು ತಮ್ಮನ್ನು ಪಿಂಟೋ ಅವರ ಸಮೀಪದಲ್ಲಿಯೇ ಮಣ್ಣು ಮಾಡಬೇಕೆಂದು ಬಯಸಿದ್ದರು. ಬಳ್ಳಾರಿಯಲ್ಲಿ ಓದಿದವರ ಸಮಾಧಿ ಇಂದು ಧಾರವಾಡದಲ್ಲಿ ಓದಿದವರ ಸಮಾಧಿಯ ಹತ್ತಿರ, ಸಿಟಿ ಪಾರ್ಕಿನ ಮರಗಳ ನಡುವೆ ಇದೆ.